ಉಪಕಾರದ ಲೆಕ್ಕ, ಹಕ್ಕಿನ ಲೆಕ್ಕ

ಆಲೆಟ್ಟಿಯ ನಮ್ಮ ಮನೆಯಲ್ಲಿ ಕೆಲಸದವರ ಸಂಬಳದ ಪುಸ್ತಕ ಬರೆಯುತ್ತಿದ್ದವರು ಅವ್ವ. ಉದ್ದನೆಯ, ಕೆಂಪು ರಟ್ಟಿನ ಪುಸ್ತಕ. ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಎಡಕ್ಕೆ ಗಂಡಾಳುಗಳ ಹಾಜರಿ, ಬಲಕ್ಕೆ ಹೆಣ್ಣಾಳುಗಳದು. ಎರಡು ಕಡೆಗೂ ಬೇರೆ ಬೇರೆ ದರ. ಬಲಗಡೆಯ ದರ ಎಡಗಡೆಯದರ ಮುಕ್ಕಾಲು ಭಾಗವೂ ಆಗುತ್ತಿರಲಿಲ್ಲ. ಶನಿವಾರ ಸಂಜೆ ಲೆಕ್ಕ ಕೂಡಿಸುವ ಕೆಲಸ ಶಾಲೆಗೆ ಹೋಗುತ್ತಿದ್ದ ನನ್ನದು. ಕೂಡಿಸಿದ್ದು ಸರಿಯಿದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದೆ. ಆ ಗೆರೆ ಸರಿಯಿದೆಯೇ ಎಂದು ಒಂದು ಸಲವೂ ಕೇಳಲಿಲ್ಲ.

ಬಲಗಡೆಯ ಮೊದಲ ಹೆಸರು ಯಾವಾಗಲೂ ಒಬ್ಬರದೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅವ್ವನಿಗಿಂತ ಹಿರಿಯರು. ಆದರೂ ನಾವು ಮಕ್ಕಳು ಅವರನ್ನು ಹೆಸರು ಹಿಡಿದು, ಏಕವಚನದಲ್ಲಿಯೇ ಕರೆಯುತ್ತಿದ್ದೆವು. ಮನೆಯೊಳಗೆ ನಮ್ಮದು ಅರೆಭಾಷೆ, ಅವರ ಜೊತೆ ತುಳು. ಸೊಪ್ಪು ತರುವುದು, ಹಟ್ಟಿಯ ಗೊಬ್ಬರ ಹೊರುವುದು, ಬಿದ್ದ ಅಡಿಕೆ ಹೆಕ್ಕುವುದು, ಅಂಗಳದಲ್ಲಿ ಒಣಹಾಕುವುದು, ಸುಲಿಯುವುದು, ಎಲ್ಲಕ್ಕೂ ಅವರು ಬೇಕು. "ಅವಳು ನಮ್ಮ ಮನೆಯವಳ ಹಾಗೆ" ಎಂದು ಅಪ್ಪ ನೆಂಟರ ಎದುರು ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಸುಳ್ಳಿರಲಿಲ್ಲ.

ಒಂದು ಮಳೆಗಾಲದಲ್ಲಿ ಸೊಪ್ಪಿನ ಹೊರೆ ಹೊತ್ತು ತೋಡು ದಾಟುವಾಗ ಅವರು ಸಂಕದಿಂದ ಜಾರಿ ಬಿದ್ದರು. ಎರಡು ಅಡಿಕೆ ಮರ ಅಡ್ಡ ಹಾಕಿ ಮಾಡಿದ ಸಂಕ ಅದು. ಒಂದು ಮರ ಕುಂಬಾಗಿತ್ತು. ಬದಲಿಸಬೇಕೆಂದು ಅಪ್ಪ ಬೇಸಗೆಯಲ್ಲೇ ಹೇಳಿದ್ದರು, ಬದಲಿಸಿರಲಿಲ್ಲ. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಅಪ್ಪ ಕೂಡಲೇ ಜೀಪು ಮಾಡಿಸಿ ಸುಳ್ಯಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯ ಖರ್ಚೆಲ್ಲ ನಾವೇ ಕೊಟ್ಟೆವು. ಅವ್ವ ಎರಡು ಸಲ ಅಕ್ಕಿ, ತೆಂಗಿನಕಾಯಿ ಕಳಿಸಿದರು. ಊರಲ್ಲಿ ನಮ್ಮ ಮನೆಗೆ ಒಳ್ಳೆಯ ಹೆಸರು ಬಂತು. ಅಂಥ ಧಣಿ ಎಲ್ಲರಿಗೂ ಸಿಗುತ್ತಾರೆಯೇ ಎಂದರು.

ಕಾಲು ಪೂರ್ತಿ ಕೂಡುವ ಮೊದಲೇ ಅವರು ಕೆಲಸಕ್ಕೆ ಬಂದರು. "ಇಷ್ಟೆಲ್ಲ ಮಾಡಿದ್ದೀರಿ, ನಾನು ಮನೆಯಲ್ಲಿ ಕೂತರೆ ಹೇಗೆ?" ಎಂದರಂತೆ. ಇಂದಿಗೂ ಅವರು ಆ ಕಾಲನ್ನು ತುಸು ಎಳೆದು ನಡೆಯುತ್ತಾರೆ.

ಈ ಬರಹದ ಪ್ರಶ್ನೆ ಇಲ್ಲಿಂದ ಹುಟ್ಟಿದ್ದು. ಹೆಣ್ಣಾಳುಗಳ ಹಕ್ಕು, ಸುರಕ್ಷತೆ ಎಂದು ಮಾತು ತೆಗೆದಾಗಲೆಲ್ಲ ನಾವು ಕೆಟ್ಟ ಧಣಿಯನ್ನು ಕಣ್ಣಮುಂದೆ ತಂದುಕೊಳ್ಳುತ್ತೇವೆ. ಹೊಡೆಯುವವ, ಸಂಬಳ ನುಂಗುವವ, ಮೈಮೇಲೆ ಕೈಹಾಕುವವ. ಅಂಥವನ ವಿರುದ್ಧ ಕಾನೂನು ಬೇಕೆಂದರೆ ಯಾರೂ ತಕರಾರು ಮಾಡುವುದಿಲ್ಲ. ಕಷ್ಟದ ಪ್ರಶ್ನೆ ಬೇರೆ. ಧಣಿ ಒಳ್ಳೆಯವನಾಗಿದ್ದರೆ? ಕೆಲಸದಾಕೆ ಮನೆಯವಳ ಹಾಗೆಯೇ ಇದ್ದರೆ? ಅಲ್ಲಿ ಹಕ್ಕಿನ ಮಾತೆತ್ತುವುದು ಸಂಬಂಧವನ್ನು ಕೆಡಿಸಿದಂತಲ್ಲವೇ? ನಮ್ಮ ಕಡೆ ತೋಟಗಳು ಸಣ್ಣವು. ಧಣಿ, ಆಳು ಇಬ್ಬರೂ ಒಂದೇ ತೋಡಿನ ನೀರು ಬಳಸುವವರು. ಹಾಗಾಗಿ ಇಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳುವಂಥದ್ದಲ್ಲ.

ಐರಿಷ್ ಮೂಲದ ದಾರ್ಶನಿಕ ಫಿಲಿಪ್ ಪೆಟಿಟ್ 1997ರಲ್ಲಿ ಪ್ರಕಟಿಸಿದ 'ರಿಪಬ್ಲಿಕನಿಸಂ' ಎಂಬ ಪುಸ್ತಕದಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಯೋಚಿಸುತ್ತಾರೆ. ಒಬ್ಬ ಗುಲಾಮನಿಗೆ ದಯಾಳುವಾದ ಯಜಮಾನ ಸಿಕ್ಕಿದ್ದಾನೆ ಎಂದುಕೊಳ್ಳಿ. ಅವನು ಬೈಯುವುದಿಲ್ಲ, ತಡೆಯುವುದಿಲ್ಲ. ಹಾಗಾದರೆ ಆ ಗುಲಾಮ ಸ್ವತಂತ್ರನೇ? ಅಲ್ಲ ಎನ್ನುತ್ತಾರೆ ಪೆಟಿಟ್. ಯಜಮಾನ ಮನಸ್ಸು ಬದಲಿಸಿದ ದಿನ ಅವನನ್ನು ತಡೆಯುವವರು ಯಾರೂ ಇಲ್ಲ. ಆದ್ದರಿಂದ ಗುಲಾಮ ಸದಾ ಯಜಮಾನನ ಮುಖ ನೋಡುತ್ತಲೇ ಬದುಕಬೇಕು. ನಮ್ಮ ತೋಟದ ಆಳು ಗುಲಾಮಳಲ್ಲ, ಬೇಡವೆಂದರೆ ಬಿಟ್ಟು ಹೋಗಬಹುದು. ಆದರೆ ಮುಖ ನೋಡಿ ಬದುಕುವುದು ಎಂದರೇನೆಂದು ಅವರಿಗೆ ಗೊತ್ತು. ಧಣಿಯ ಮನಸ್ಸು ಚೆನ್ನಾಗಿರುವ ಹೊತ್ತು ನೋಡಿ ಮಗಳ ಮದುವೆಗೆ ಮುಂಗಡ ಕೇಳಬೇಕು. ಅಮ್ಮನ ಮುಖ ನೋಡಿ ನಾಳೆ ರಜೆ ಎನ್ನಬೇಕು.

ಪೆಟಿಟ್ ಹೇಳದ ಇನ್ನೊಂದು ಸಂಗತಿ ನಮ್ಮ ಭಾಷೆಯಲ್ಲಿದೆ. ಅದು ಋಣ. ಹಕ್ಕಾಗಿ ಸಿಗಬೇಕಾದದ್ದು ಉಪಕಾರವಾಗಿ ಸಿಕ್ಕಿದರೆ, ಪಡೆದವರ ಹೆಗಲಿಗೆ ಋಣ ಬೀಳುತ್ತದೆ. ಸಂಕ ನಮ್ಮದು, ಕುಂಬಾದ ಮರ ನಮ್ಮದು, ಸೊಪ್ಪು ನಮ್ಮ ಹಟ್ಟಿಗೆ. ನ್ಯಾಯವಾಗಿ ನೋಡಿದರೆ ಅವರು ಬಿದ್ದ ಗಳಿಗೆಯಿಂದ ನಾವು ಅವರಿಗೆ ಸಾಲಗಾರರು. ಆದರೆ ಆಸ್ಪತ್ರೆಯ ಬಿಲ್ಲನ್ನು ನಾವು ದಯೆಯಿಂದ ಕೊಟ್ಟದ್ದರಿಂದ ಸಾಲ ತಿರುಗಿಬಿದ್ದಿತು. ಅವರೇ ನಮ್ಮ ಸಾಲಗಾರರಾದರು. ಆ ಸಾಲ ತೀರಿಸಲು ಮುರಿದ ಕಾಲಿನಲ್ಲಿ ನಡೆದು ಬಂದರು. ನಾವು ಮಾಡಿದ್ದು ಕೆಟ್ಟದ್ದೇನಲ್ಲ. ಆದರೂ ಆ ಒಳ್ಳೆಯತನದಿಂದಲೇ ಅವರ ಕಾಲಿಗೆ ಕೇಡಾಯಿತು.

ಸಂಬಳದ ಗೆರೆಗೂ ಇಂಥದೇ ಒಂದು ಒಳ್ಳೆಯ ಮನೆಯ ಸಮರ್ಥನೆ ಇದೆ. ಗಂಡಸರ ಕೆಲಸ ಬೇರೆ, ಹೆಂಗಸರ ಕೆಲಸ ಬೇರೆ ಎನ್ನುತ್ತಾರೆ. ಅಡಿಕೆ ಮರ ಹತ್ತಿ ಕೊನೆ ತೆಗೆಯುವವರಿಗೆ, ಮಳೆಯಲ್ಲಿ ಜೀವ ಕೈಯಲ್ಲಿ ಹಿಡಿದು ಮದ್ದು ಬಿಡುವವರಿಗೆ ಹೆಚ್ಚು ಕೊಡುವುದು ಸರಿಯೇ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಬುಡ ಬಿಡಿಸಿ ಗೊಬ್ಬರ ಹಾಕುವ ದಿನ ಗಂಡಸರೂ ಹೆಂಗಸರೂ ಒಂದೇ ಸಾಲಿನಲ್ಲಿ ಬುಟ್ಟಿ ಹೊರುತ್ತಾರಲ್ಲ, ಆ ದಿನವೂ ಎರಡು ದರವೇಕೆ? ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಈ ಗೆರೆ ತಾನಾಗಿ ಮಾಯವಾಗುತ್ತಿದ್ದುದು ನನಗೆ ಆಮೇಲೆ ಹೊಳೆಯಿತು. ಸುಲಿಯುವುದು ಕಿಲೋ ಲೆಕ್ಕ. ಅಲ್ಲಿ ತಕ್ಕಡಿ ಗಂಡು ಹೆಣ್ಣು ನೋಡುವುದಿಲ್ಲ. ಅವರು ಎಷ್ಟೋ ಗಂಡಸರಿಗಿಂತ ಹೆಚ್ಚು ಸುಲಿಯುತ್ತಿದ್ದರು, ಹೆಚ್ಚೇ ಪಡೆಯುತ್ತಿದ್ದರು. ಮಾಡಿದ ಕೆಲಸವನ್ನು ಅಳೆದಾಗ ವ್ಯತ್ಯಾಸ ಇಲ್ಲವಾಗುತ್ತದೆ, ದಿನದ ಲೆಕ್ಕ ಹಿಡಿದಾಗ ಮತ್ತೆ ಬರುತ್ತದೆ. ಹಾಗಾದರೆ ಆ ಗೆರೆ ಅಳೆಯುತ್ತಿದ್ದುದು ಕೆಲಸವನ್ನಲ್ಲ.

ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಸಂವಿಧಾನದ 39ನೇ ವಿಧಿಯಲ್ಲಿದೆ. ಆದರೆ ಅದು ನಿರ್ದೇಶಕ ತತ್ತ್ವ, ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು. 1976ರ ಸಮಾನ ವೇತನ ಕಾಯ್ದೆ ಅದನ್ನು ಕಾನೂನಾಗಿಸಿತು. ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದ ಮೇಲೆ ಪಂಚಾಯತಿನ ಕೆಲಸದಲ್ಲಿ ನಮ್ಮೂರಿನ ಹೆಂಗಸರು ಗಂಡಸರಷ್ಟೇ ಕೂಲಿ ಪಡೆದರು. ಅದೇ ಹೆಂಗಸರು ಮರುದಿನ ತೋಟಕ್ಕೆ ಬಂದರೆ ಪುಸ್ತಕದ ಬಲಗಡೆಗೆ ಹೋಗುತ್ತಿದ್ದರು.

ಕಾನೂನಿನ ನಕ್ಷೆಯಲ್ಲಿ ಅಡಿಕೆ ತೋಟದ ಹೆಣ್ಣಾಳು ಎಲ್ಲಿದ್ದಾರೆಂದು ಹುಡುಕಿದರೆ ಸೋಜಿಗವಾಗುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟಗಳನ್ನು. ಅದೂ ಕನಿಷ್ಠ ಐದು ಹೆಕ್ಟೇರ್ ಮತ್ತು ಹದಿನೈದು ಕೆಲಸಗಾರರಿದ್ದರೆ. ಅಡಿಕೆ ಆ ಸಾಲಿನಲ್ಲಿರಲಿಲ್ಲ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುತ್ತಿದ್ದ 1923ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಥವಾ ಯಂತ್ರಬಲದಿಂದ ನಡೆಯುವ ಬೇಸಾಯವಿತ್ತು, ತಲೆಹೊರೆ ಇರಲಿಲ್ಲ. ಯಂತ್ರದಿಂದ ಕೈ ತುಂಡಾದರೆ ಕಾನೂನಿಗೆ ಕಾಣುತ್ತದೆ, ಸಂಕದಿಂದ ಬಿದ್ದರೆ ಕಾಣುವುದಿಲ್ಲ. ಹಾಗೆ ಬಿದ್ದ ಹೆಂಗಸಿಗೆ ಉಳಿಯುವುದು ಧಣಿಯ ಒಳ್ಳೆಯತನವೊಂದೇ.

ಇದು ಹೀಗೆಯೇ ಇರಬೇಕೆಂದೇನಿಲ್ಲ ಎಂಬುದಕ್ಕೆ ಸಾಕ್ಷಿ ಅದೇ ಹೆಂಗಸಿನ ಮನೆಯ ಜಗಲಿಯಲ್ಲಿತ್ತು. ಪುತ್ತೂರು, ಸುಳ್ಯದ ಕಡೆಯ ಸಾವಿರಾರು ಹೆಂಗಸರ ಹಾಗೆ ಅವರೂ ಸಂಜೆ ಬೀಡಿ ಕಟ್ಟುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದಿತು. ಮಾಲೀಕರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು, ಭವಿಷ್ಯನಿಧಿಯೂ ಸಿಕ್ಕಿತು. ಇವೆಲ್ಲ ಪೂರ್ತಿ ಸಿಕ್ಕಿವೆ ಎನ್ನಲಾಗದು, ಪಿಎಫ್ ಹಣಕ್ಕಾಗಿ ಅಲೆದವರು ಬೇಕಾದಷ್ಟು ಜನ. ಆದರೂ ಬೀಡಿ ಕಟ್ಟುವ ಕೈಗೆ ಒಂದು ಕಾರ್ಡಿದೆ, ನಂಬರಿದೆ, ಅಲೆಯಲು ಒಂದು ಕಚೇರಿಯಿದೆ. ಹಗಲು ಅಡಿಕೆ ಹೆಕ್ಕುವ ಅದೇ ಕೈಗೆ ಅದೇನೂ ಇಲ್ಲ. ಬೀಡಿಯವರಿಗೆ ಇದು ಯಾರೋ ಒಳ್ಳೆಯ ಮಾಲೀಕನಿಂದ ಬಂದದ್ದಲ್ಲ. ಸಂಘ ಕಟ್ಟಿದ್ದರಿಂದ, ಕೇಳಿದ್ದರಿಂದ ಬಂದದ್ದು.

ಸುರಕ್ಷತೆ ಎಂದರೆ ಸಂಕವೊಂದೇ ಅಲ್ಲ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕದಡಿ ಬೋರ್ಡೋ ದ್ರಾವಣ ಮಾಡುವಾಗ ನೀರು ಹೊರುವವರು, ಪೈಪು ಹಿಡಿಯುವವರು, ಮರದಿಂದ ತೊಟ್ಟಿಕ್ಕುವ ಮದ್ದಿಗೆ ಮೈಯೊಡ್ಡಿ ನಿಲ್ಲುವವರು ಹೆಚ್ಚಾಗಿ ಹೆಂಗಸರು. ಕೈಗೆ ಗವಸು ಕೊಟ್ಟದ್ದನ್ನು ನಾನು ನಮ್ಮ ತೋಟದಲ್ಲೇ ಕಂಡಿಲ್ಲ. ಆಲೆಟ್ಟಿಯಿಂದ ಬಂದಡ್ಕದ ರಸ್ತೆ ಹಿಡಿದು ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಗೇರು ತೋಪುಗಳಲ್ಲಿ, ನಮ್ಮ ಪುತ್ತೂರು, ಸುಳ್ಯ, ಬೆಳ್ತಂಗಡಿಯ ಗೇರು ತೋಪುಗಳಲ್ಲಿಯೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಏಳಲಾಗದ ಮಕ್ಕಳಿದ್ದರು, ಅವರನ್ನು ಎತ್ತಿ ಇಳಿಸಿ ತಾಯಂದಿರ ಬೆನ್ನು ಬಾಗಿತ್ತು. ತಲೆಯ ಮೇಲೆ ಸುರಿಯುತ್ತಿರುವುದು ಏನೆಂದು ಕೇಳುವ ಹಕ್ಕು ಕೂಡ ಸುರಕ್ಷತೆಯ ಭಾಗವೇ.

ಇನ್ನೊಂದು ಭಯದ ಬಗ್ಗೆ ಊರಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಅಡಿಕೆ ತೋಟ, ರಬ್ಬರ್ ತೋಟ ಎಂದರೆ ಕೂಗಿದರೆ ಕೇಳದಷ್ಟು ದೂರ. ಬೆಳಿಗ್ಗೆ ಕತ್ತಲಿರುವಾಗಲೇ ಟ್ಯಾಪಿಂಗಿಗೆ ಹೋಗುವ ಹೆಂಗಸು ಒಬ್ಬಳೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅವಳಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಪಡೆಯಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. ಬರೆಯಲು ಬಾರದವರಿಗೆ ಸಮಿತಿಯೇ ಬರೆಯಲು ನೆರವಾಗಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಇಷ್ಟನ್ನು ನಾನು ತಿಳಿದದ್ದು ಕಾಲೇಜಿನ ನೋಟಿಸ್ ಬೋರ್ಡಿನಿಂದ. ತೋಟದ ಬೇಲಿಗೆ ಅಂಥ ಬೋರ್ಡಿಲ್ಲ.

ಆ ಕಾಯ್ದೆಯ ಬೇರು ಇರುವುದು ಹಳ್ಳಿಯಲ್ಲೇ. 1992ರಲ್ಲಿ ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕುಂಬಾರ ಜಾತಿಯ ಭನ್ವರಿ ದೇವಿಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಆಕೆಗಾದ ಅನ್ಯಾಯದಿಂದಲೇ 1997ರ ವಿಶಾಖಾ ತೀರ್ಪು, ಆಮೇಲೆ ಈ ಕಾಯ್ದೆ ಹುಟ್ಟಿದವು. ಹಳ್ಳಿಯ ಒಬ್ಬ ಬಡ ಹೆಂಗಸು ತನ್ನ ಮೈಯಲ್ಲಿ ಅನುಭವಿಸಿದ ನೋವಿನಿಂದ ಹುಟ್ಟಿದ ಕಾನೂನು ಈಗ ಹೆಚ್ಚಾಗಿ ಪಟ್ಟಣದ ಕಚೇರಿಗಳ ಗೋಡೆಯ ಮೇಲಿದೆ. ಅದು ಮರಳಿ ಹಳ್ಳಿಗೆ ಬರಬೇಕಾದರೆ ಪಂಚಾಯತು, ಸಹಕಾರಿ ಸಂಘ, ಆಶಾ ಕಾರ್ಯಕರ್ತೆಯರ ಸಭೆ, ಸ್ತ್ರೀಶಕ್ತಿ ಗುಂಪು ಎಲ್ಲ ಕಡೆ ಆ ಅಧಿಕಾರಿಯ ಹೆಸರು, ಫೋನ್ ನಂಬರು ತೂಗಬೇಕು. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಈಗ ಎದುರುವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ನನ್ನ ಅಪ್ಪನ ವಾದ. "ನಮಗೆ ಇರುವುದೇ ಎರಡೆಕರೆ. ಅದರಲ್ಲಿ ಅರ್ಧಕ್ಕೆ ಹಳದಿ ಎಲೆ ರೋಗ. ಪರಿಹಾರ, ಪಿಎಫ್ ಎಂದು ಎಲ್ಲಿಂದ ತರುವುದು? ಜಾಸ್ತಿ ಕೇಳಿದರೆ ಹುಲ್ಲು ಹೆರೆಯಲು ಮೆಷಿನ್ ಇದೆ, ಅಡಿಕೆ ಸುಲಿಯಲು ಮೆಷಿನ್ ಇದೆ. ಕೊನೆಗೆ ಕೆಲಸ ಹೋಗುವುದು ಯಾರದ್ದು?" ಸಂಪಾಜೆ, ಅರಂತೋಡು, ಆಲೆಟ್ಟಿಯ ಕಡೆ ಹಳದಿ ರೋಗಕ್ಕೆ ಸತ್ತ ತೋಟಗಳನ್ನು ನೋಡಿದವರಿಗೆ ಈ ಮಾತು ನೆಪವೆನಿಸುವುದಿಲ್ಲ. ಮೆಷಿನ್ ಬಂದಾಗ ಅದನ್ನು ಹಿಡಿಯುವವನು ಗಂಡಸು, ಕತ್ತಿ ಕೆಳಗಿಟ್ಟು ಮನೆಗೆ ಹೋಗುವವಳು ಹೆಂಗಸು ಎಂಬುದೂ ನಿಜ.

ಆದರೆ ಈ ವಾದದಿಂದ ಅಪ್ಪ ಸಾಬೀತು ಮಾಡಿದ್ದು ಒಂದನ್ನೇ: ಹಕ್ಕಿನ ಭಾರವನ್ನು ಎರಡೆಕರೆಯವನೊಬ್ಬನೇ ಹೊರಲಾರ. ಹಕ್ಕೇ ಬೇಡವೆಂದು ಅದರಿಂದ ಸಾಬೀತಾಗುವುದಿಲ್ಲ. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ರಜೆಯ ಮಸೂದೆ ಬಂದಾಗ ಇದೇ ತಕರಾರು ಎದ್ದಿತ್ತು. ಆಗ ಅಂಬೇಡ್ಕರ್ ಹೇಳಿದ್ದು, ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಸರ್ಕಾರ ಅದರ ಭಾರ ಹೊರಬೇಕು, ದುಡಿಮೆಯ ಲಾಭ ಪಡೆಯುವ ಮಾಲೀಕನೂ ಪಾಲು ಕೊಡಬೇಕು ಎಂದು. ಅಡಿಕೆಗೂ ಇದು ಸಲ್ಲದೇ? ಕಟ್ಟಡ ಕಟ್ಟುವವರಿಗೆ 1996ರ ಕಾಯ್ದೆಯಡಿ ಸೆಸ್ ಸಂಗ್ರಹಿಸಿ ಕಲ್ಯಾಣ ಮಂಡಳಿ ಮಾಡಿದರು. ಅಡಿಕೆ ಮಾರಾಟವಾಗುವ ಪ್ರತಿ ಮಂಡಿಯಲ್ಲೂ ತೂಕವಿದೆ, ರಶೀದಿಯಿದೆ. ಅದರಲ್ಲಿ ಅಡಿಕೆ ಹೆಕ್ಕಿದವರಿಗೆಂದು ಒಂದು ಸಣ್ಣ ಪಾಲು ತೆಗೆದಿಡುವುದು ಆಗದ ಮಾತಲ್ಲ. ಹಳದಿ ರೋಗದ ಪರಿಹಾರಕ್ಕೆ ನಾವು ಬೆಳೆಗಾರರು ಸರ್ಕಾರದ ಬಾಗಿಲು ತಟ್ಟುತ್ತೇವೆ, ಅದು ನಮ್ಮ ಹಕ್ಕೆನ್ನುತ್ತೇವೆ. ತೋಟ ಸತ್ತಾಗ ಆ ತೋಟದಲ್ಲಿ ದುಡಿಯುತ್ತಿದ್ದವರ ಅನ್ನವೂ ಹೋಯಿತಲ್ಲ, ನಮ್ಮ ಮನವಿಯಲ್ಲಿ ಅವರ ಹೆಸರು ಎಲ್ಲಿದೆ?

ಅಪ್ಪನ ಜೊತೆಗಿನ ಈ ಚರ್ಚೆ ಎಲ್ಲಿಗೂ ಮುಟ್ಟುತ್ತಿರಲಿಲ್ಲವೇನೋ, ಒಂದು ದಿನ ಮಾತು ಅಜ್ಜನ ಕಡೆ ತಿರುಗದಿದ್ದರೆ. ನಮ್ಮ ಈ ಎರಡೆಕರೆ ಅಜ್ಜನಿಗೆ ಬಂದದ್ದು ಡಿಕ್ಲರೇಶನಿನಲ್ಲಿ. ಅದಕ್ಕೂ ಮೊದಲು ಅಜ್ಜ ಚಾಲಗೇಣಿ ಒಕ್ಕಲು, ಧಣಿ ಏಳು ಎಂದರೆ ಏಳಬೇಕಾದವರು. ಅಜ್ಜನ ಧಣಿ ಕೆಟ್ಟವರಾಗಿರಲಿಲ್ಲ. ಬೆಳೆ ಹೋದ ವರ್ಷ ಗೇಣಿ ಬಿಟ್ಟಿದ್ದರಂತೆ, ಅತ್ತೆಯ ಮದುವೆಗೆ ಅಕ್ಕಿ ಮುಡಿ ಕಳಿಸಿದ್ದರಂತೆ. ಆದರೂ 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಅಜ್ಜ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದರು. ಉಂಡ ಮನೆಯ ಜಂತಿ ಎಣಿಸಿದವನು ಎಂದು ಊರು ಬೈದಿತು. ಅಜ್ಜನಿಗೆ ಧಣಿಯ ಮೇಲೆ ಸಿಟ್ಟಿರಲಿಲ್ಲ. ಒಳ್ಳೆಯ ಧಣಿ ಸಿಕ್ಕಿದ್ದು ಅದೃಷ್ಟ, ಮಕ್ಕಳ ಬದುಕನ್ನು ಅದೃಷ್ಟದ ಮೇಲೆ ಇಡಲಾಗದು ಎಂಬುದಷ್ಟೇ ಅವರ ಲೆಕ್ಕ.

ಒಳ್ಳೆಯತನ ಸಾಲದು, ಹಕ್ಕು ಬೇಕು ಎಂಬ ವಾದ ಹಾಗಾದರೆ ನಮಗೆ ಹೊಸದಲ್ಲ. ನಮ್ಮ ಮನೆಯೇ ಅದರ ಮೇಲೆ ನಿಂತಿದೆ. 'ಉಳುವವನೇ ಹೊಲದೊಡೆಯ' ಎಂಬ ಆ ಕಾಲದ ಘೋಷಣೆಯಲ್ಲಿ ಉಳುವವನು ಮಾತ್ರ ಇದ್ದ. ನೇಜಿ ನೆಟ್ಟವಳು, ಕಳೆ ಕಿತ್ತವಳು, ಹೊರೆ ಹೊತ್ತವಳು ಅದರೊಳಗೆ ಇರಲಿಲ್ಲ. ಅಜ್ಜ ದಾಟಿದ ಸಂಕ ಅವರ ಪಾಲಿಗೆ ಅಲ್ಲೇ ಮುರಿದಿತ್ತು.

ಹಕ್ಕು ಬಂದರೆ ಪ್ರೀತಿ ಹೋಗುತ್ತದೆ ಎಂಬ ಹೆದರಿಕೆಗೂ ಅಜ್ಜನ ಕತೆಯಲ್ಲಿ ಉತ್ತರವಿದೆ. ಕೆಲವು ವರ್ಷ ಎರಡು ಮನೆಗೂ ಮಾತಿರಲಿಲ್ಲ. ಆಮೇಲೆ ಮದುವೆ, ತಿಥಿಗಳಿಗೆ ಹೋಗಿ ಬರುವುದು ಶುರುವಾಯಿತು. ಆಗ ಕಳಿಸಿದ ಬಾಳೆಗೊನೆ ಬರಿ ಬಾಳೆಗೊನೆಯಾಗಿತ್ತು, ಅದಕ್ಕೆ ಋಣದ ಭಾರ ಇರಲಿಲ್ಲ.

ಕಳೆದ ವರ್ಷ ರಜೆಗೆ ಹೋದಾಗ ಹಳೆಯ ಸಂಬಳ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಅವರ ಮನೆಗೆ ಹೋಗಿ, ಈಗ ಬಹುವಚನದಲ್ಲಿಯೇ, ಕೇಳಿದೆ: "ಆಗ ಕಾಲು ಮುರಿದಾಗ ಎಷ್ಟು ದಿನ ಮನೆಯಲ್ಲಿದ್ದಿರಿ, ನೆನಪಿದೆಯೇ?"

"41 ದಿನ" ಎಂದರು. ಯೋಚಿಸಲೂ ಇಲ್ಲ.

ಪುಸ್ತಕದಲ್ಲಿ ನೋಡಿದರೆ ಅವರ ಹೆಸರಿನ ಮುಂದೆ 41 ಖಾಲಿ ಮನೆಗಳು. ನಾವು ಇಷ್ಟು ವರ್ಷ ಆಸ್ಪತ್ರೆಯ ಬಿಲ್ಲು ನೆನಪಿಟ್ಟುಕೊಂಡಿದ್ದೆವು. ಅವರು ಈ ಖಾಲಿ ಮನೆಗಳನ್ನು ನೆನಪಿಟ್ಟುಕೊಂಡಿದ್ದರು. ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಬಹಳ ಹೊತ್ತು ಪುಸ್ತಕ ನೋಡಿದರು. ಕೊನೆಗೆ ಆ ಪುಟದ ಕೆಳಗೆ 'ಬಾಕಿ' ಎಂದು ಬರೆದು, ಇಂದಿನ ದರದಲ್ಲಿ, ಗಂಡಾಳಿನ ದರದಲ್ಲಿ, ಲೆಕ್ಕ ಹಾಕಲು ನನಗೆ ಹೇಳಿದರು. ಈಗಿನ ಪುಸ್ತಕದಲ್ಲಿ ಅವ್ವ ಗೆರೆ ಎಳೆಯುವುದನ್ನು ಬಿಟ್ಟಿದ್ದಾರೆ. ಅಕ್ಕಪಕ್ಕದ ಮನೆಯವರಿಗೆ ಇದು ಹಿಡಿಸಿಲ್ಲ, ದರ ಕೆಡಿಸಿದಿರಿ ಎನ್ನುತ್ತಾರೆ. ಒಂದು ಮನೆಯ ಗೆರೆ ಅಳಿಸಿದರೆ ಊರಿನದು ಅಳಿಯುವುದಿಲ್ಲ ಎಂಬುದೂ ಗೊತ್ತು. ಅದಕ್ಕೆ ಸಂಘ ಬೇಕು, ಕಾನೂನು ಬೇಕು, ಮಂಡಳಿ ಬೇಕು.

ಹಣ ಕೊಡಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಮೊದಲೆಲ್ಲ ಶನಿವಾರ ಸಂಬಳ ಕೊಟ್ಟರೆ ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ನೋಡದೆಯೇ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಧಣಿಯ ಎದುರು ಎಣಿಸುವುದು ಮರ್ಯಾದೆಯಲ್ಲ ಎಂದು. ಆ ದಿನ ಜಗಲಿಯಲ್ಲಿ ಕೂತು, ಬೆರಳಿಗೆ ಉಗುಳು ಹಚ್ಚಿಕೊಂಡು, ನಮ್ಮ ಎದುರೇ ಒಂದೊಂದಾಗಿ ಎಣಿಸಿದರು. "ಸರಿ ಇದೆ" ಎಂದರು. ಆಮೇಲೆ ಚಾ ಇಡಲು ಒಳಗೆ ಹೋದರು.